ಹೆಡ್ ಮಾಸ್ತರಿಗೊಂದು ಹೆಣ್ಣು

ನಮ್ಮ ಬಸವಲಿಂಗ ಓದೋ ಶಾಲಿಗೆ ಹೊಸ ಹೆಡ್ ಮಾಸ್ತರು ಬಂದಾಗೆಲ್ಲ ಪಾಲಕರು ಕೂಡಿ ಶಾಲು ಹೊದಿಸಿ, ಹಾರ ಹಾಕಿ, ಕೈಯಾಗ ಹಣ್ಣು ಕೊಡೋದು ಪದ್ಧತಿ. ಶಾಲು ತರೋ ಕೆಲಸ ನಂದು. ಶಹಾಪುರ ಬಸ್ ಸ್ಟ್ಯಾಂಡಿನ ಬಾಜೂಕ ನಮ್ಮ ಕಿರಾಣಿ ಅಂಗಡಿ, ಎದುರಿಗೇ ಬಾಷುಮಿಯಾನ ಬಟ್ಟಿ ಅಂಗಡಿ. ಮೊದಲನೇ ಸಲ ಆತ ಹತ್ತು ಶಾಲು ಬಿಚ್ಚಿ ಹಾಸಿ ತೋರಿಸಿದ. ಮೂರನೇ ಸಲಕ್ಕ, "ಅಕ್ಕಾ, ಒಮ್ಮೆಲೇ ಡಜನ್ ಒಯ್ದುಬಿಡ್ರಿ, ರೇಟ್ ಕಡಿಮಿ ಹಾಕ್ತೀನಿ" ಅಂದ. ನನಗ ಸಿಟ್ಟು ನೆತ್ತಿಗೇರಿತು. ಆದ್ರ ಅಂದದ್ದು ಖರೇ ಇತ್ತು. ಖರೇ ಮಾತಿಗೆ ಏನಂತ ಬೈಯೋದರಿ.

ಮೊದಲಿನವರು ವಯಸ್ಸಾದವರು, ಕಲಬುರಗಿಗೆ ಮಗಳ ಮನಿಗೆ ಹೋದ್ರು. ಆಮ್ಯಾಲ ಬಂದ ಹೆಡ್ ಬಾಯಾರು ಕೇರಳದ ಹೆಣ್ಣುಮಗಳು. ನಮ್ಮ ಬಿಸಲಿಗೆ ಹೈರಾಣ ಆಗಿ, ಬ್ಯಾಸಗಿ ರಜಾಕ್ಕ ಹೋದವರು ತಿರುಗಿ ಈ ಕಡಿ ಮಾರಿ ಹಾಕಲಿಲ್ಲ. ಮೂರನೆಯವರಿಗೂ ಚೇರಮನ್ ಶ್ರೀಮಂತ ಸಾಹುಕಾರಗೂ ಜಗಳ ಆತು. ಸಾಹುಕಾರ ಹೆಂಥವ ಅಂದ್ರ, ಶಾಲಿ ನಂದು, ಗಂಟಿನೂ ನಾನೇ ಹೊಡೀತೀನಿ ಅನ್ನೋ ಮನಿಷ. ಅಂಥವನ ಕೈಯಾಗ ಯಾರು ನಿಂತಾರು.

ಮಂದಿ ಮಕ್ಕಳಿಗೆ ಹೆಡ್ ಮಾಸ್ತರ ಯಾರಾದರೇನು, ಹಲೋ ಗುಡ್ ಮಾರ್ನಿಂಗ್ ಅಂದು ಒಳಗ ಹೋಗತಾವ. ನನ್ನ ಮಗನಿಗೆ ಹಂಗಲ್ಲ. ಬಸವಲಿಂಗ ಉಗ್ಗತಾನ. ತುಟಿ ಕೂಡಿಸಿ ಅನ್ನೋ ಅಕ್ಷರ ಬಂತಂದ್ರ ಬಾಯಿಗೆ ಕೀಲಿ ಬಿದ್ದಂಗ, ತನ್ನ ಹೆಸರೇ ತನಗ ಬರಂಗಿಲ್ಲ. ಹಿಂಗಾಗಿ ಹೊಸಬರು ಬಂದಾಗೆಲ್ಲ ನಾನು ಹೋಗಿ, "ಅವನಿಗೆ ಎಲ್ಲಾ ಬರತದರಿ, ಬಾಯಿಗೆ ಬರೋದು ತಡ ಅಷ್ಟ. ಜರಾ ಕಾಯಾಕ ಹೇಳ್ರಿ ಮಾಸ್ತರಿಗೆ" ಅಂತ ಕೈ ಮುಗಿದು ಬರಬೇಕು. ಅವರು ತಿಳಕೊಳ್ಳೋದು, ಮಾಸ್ತರಿಗೆ ತಿಳಿಸೋದು, ಇನ್ನೇನು ಹುಡುಗ ಬಾಯಿ ಬಿಟ್ಟ ಅನ್ನೋದರಾಗ ಗಂಟು ಮೂಟಿ ಕಟ್ಟೋದು. ಮತ್ತ ಹೊಸಬರು, ಮತ್ತ ನಾನು.

ಮೂರನೆಯವರಿಗೆ ನಾ ಹೇಳೋದು ಒಂದು ವಾರ ತಡ ಆತು. ಅಷ್ಟರಾಗ ಅವರು ಪ್ರಾರ್ಥನಿ ಹೊತ್ತಿನ್ಯಾಗ ಇವನ್ನ ಕಟ್ಟಿ ಮ್ಯಾಲ ಕರದು, ಹೆಸರು ಹೇಳಿ ಇವತ್ತಿನ ಸುದ್ದಿ ಓದು ಅಂದ್ರಂತ. ಹುಡುಗ 'ಬ... ಬ...' ಅಂತ ನಿಂತ. ಇಡೀ ಶಾಲಿ ನಕ್ಕಿತು. ಅವತ್ತು ಮನಿಗೆ ಬಂದವ ಚೀಲ ಮಂಚದ ಬುಡಕ ಒಗದ, ಮತ್ತ ಶಾಲಿಯಾಗ ಒಂದು ಮಾತು ಆಡಲಿಲ್ಲ.

ನಾಲ್ಕನೆಯವರು ಅರುಣಕುಮಾರ ಸರ್. ಹರಿಹರದ ಕಡಿಯವರು, ಹರೇದ ಹುಡುಗ. ನಾನು ಹೋಗಿ ಒಂದೇ ಉಸರಿನ್ಯಾಗ ಎಲ್ಲಾ ಹೇಳಿದೆ. ಅವರು ಗಾಬರಿಯಾಗಿ, "ಅಮ್ಮಾ, ನೀವು ಜಗಳಕ್ಕೆ ಬಂದಿದ್ದೀರೋ, ಹೇಳೋಕೆ ಬಂದಿದ್ದೀರೋ?" ಅಂದ್ರು. "ನಮ್ಮ ಮಾತೇ ಹಿಂಗರಿ ಸರ್, ಜಗಳ ತಗದ್ರ ಬ್ಯಾರೇನೇ ಇರತದ" ಅಂದೆ. ಭಾಳ ನಕ್ಕರು.

ಅವರು ದಿನಾ ಮಧ್ಯಾನ ಉಣ್ಣೋ ರಜಾದಾಗ ಬಸವಲಿಂಗನ್ನ ತಮ್ಮ ಖೋಲಿಗೆ ಕರದು, ಮುಂದ ಸೇಂಗಾ ಹಾಕಿಕೊಂಡು ಕುಂತು ಮಾತಾಡಸತಿದ್ರು. ಎಷ್ಟು ಹೊತ್ತಾದ್ರೂ ಅವನ ಮಾತು ಅವನೇ ಮುಗಸಬೇಕು, ನಡುವ ಯಾರೂ ಬಾಯಿ ಹಾಕಬಾರದು ಅಂತ ಮಾಸ್ತರಿಗೆಲ್ಲ ತಾಕೀತು ಮಾಡಿದ್ರು. ದಸರಾ ಬರೋದರಾಗ ಹುಡುಗ ಕ್ಲಾಸಿನ್ಯಾಗ ಎದ್ದು ನಿಂತು ಪಾಠ ಓದಿದ. ಒಂದಿನ ಅಂಗಡಿಯಾಗ ಕುಂತು ಗಿರಾಕಿಗೆ, "ಬೆ... ಬೆಲ್ಲ ಇಲ್ರಿ, ನಾಳಿ ಬರತದ" ಅಂದ. ನಾನು ಒಳಗ ಹೋಗಿ ಅಕ್ಕಿ ಚೀಲದ ಮ್ಯಾಲ ಕುಂತು ಅತ್ತೆ.

ಸುಖ ಬಂದ್ರ ಸುಮ್ಮನ ಇರಬೇಕಲ್ಲ. ನಮಗ ಅಂಜಿಕಿ ಹತ್ತಿತು. ಸರ್ ಖಾನಾವಳಿ ಊಟ ಉಂಡು ಸೊರಗಾಕತ್ತಾರ, ಊರ ಕಡಿ ಕೆಲಸ ಹುಡುಕಾಕತ್ತಾರ ಅಂತ ಸುದ್ದಿ ಬಂತು. ಒಂದು ಸಂಜಿ ನಾಲ್ಕೈದು ಮಂದಿ ಪಾಲಕರು ನಮ್ಮ ಅಂಗಡಿ ಮುಂದ ಕೂಡಿದ್ವಿ. ಸುಮಂಗಲಾ ಅಂತ ಅಂಗನವಾಡಿ ಟೀಚರ್, ಆಕಿ ಮಗಳೂ ಅದೇ ಶಾಲಿಯಾಗ ಇದ್ದಾಳ. ಆಕಿ ಅಂದ್ಲು, "ಒಂಟಿ ಎತ್ತು ಎಲ್ಲಿ ಬೇಕಾದ್ರೂ ಹೋಗತದ. ಗೂಟಕ್ಕ ಕಟ್ಟಬೇಕು. ಇಲ್ಲಿದೇ ಒಂದು ಹೆಣ್ಣು ನೋಡಿ ಮದಿವಿ ಮಾಡಿಬಿಡ್ರಿ, ಬೀಗತನ ಬಿಟ್ಟು ಎಲ್ಲಿ ಹೋಗತಾರ?" ಎಲ್ಲಾರೂ ನಕ್ಕರು. ನಾನು ನಗಲಿಲ್ಲ.

ನನ್ನ ತಮ್ಮ ಸಂಗಣ್ಣ ಸುರಪುರದಾಗ ಬ್ಯಾಳಿ ವ್ಯಾಪಾರ ಮಾಡತಾನ. ಅವನ ಮಗಳು ಶಿವರಂಜನಿ ಬಿ.ಎ. ಮುಗಿಸಿ ಮನಿಯಾಗ ಇದ್ಲು. ಸರ್ ಮಠ ಯಾವುದು, ಮನಿದೇವರು ಯಾವುದು ಅಂತ ಸಂದಿ ಗೊಂದಿ ಬಿಡದಂಗ ವಿಚಾರಿಸಿದೆ. ಎಲ್ಲಾ ಕೂಡಿ ಬಂತು. ಅಬ್ಬೆತುಮಕೂರು ಮಠಕ್ಕ ದರ್ಶನದ ನೆವ ಮಾಡಿ ಹುಡುಗ ಹುಡುಗಿಗೆ ಮಾರಿ ತೋರಿಸಿದ್ವಿ, ಮುಂದ ಅಲ್ಲೇ ಮದಿವಿನೂ ಆತು. ಪಾಲಕರು ಟೆಂಪೋ ಮಾಡಿಕೊಂಡು ಬಂದಿದ್ರು. ಸಾಹುಕಾರನೂ ಬಂದು ಅಕ್ಕಿಕಾಳು ಹಾಕಿದ. ಹೆಣ್ಣಿನವರು, ಗಂಡಿನವರು ಅಂತ ಎರಡು ಪಂಗಡ ಇರತಾವಲ್ಲ, ಅಲ್ಲಿ ಮೂರನೇದು ಶಾಲಿಯವರದು, ಎಲ್ಲಾರಕಿಂತ ಜೋರು ಅದೇ. ಬಸವಲಿಂಗ ಸರ್ ಬಾಜೂಕ ನಿಂತು ಫೋಟೋ ತಗಿಸಿಕೊಂಡ. ನಾನು ಗೆದ್ದೆ ಅನಕೊಂಡೆ.

ಮದಿವಿಯಾಗಿ ಎರಡು ತಿಂಗಳಾಗಿರಲಿಕ್ಕಿಲ್ಲ, ಸಂಗಣ್ಣ ಬಂದು ಅಂಗಡಿಯಾಗ ಕುಂತ. ಚಾ ಕೊಟ್ಟರ ಕುಡೀಲಿಲ್ಲ.

"ಅಕ್ಕಾ, ನಿಮ್ಮ ಶ್ರೀಮಂತ ಸಾಹುಕಾರ ಎಪಿಎಂಸಿಯಾಗ ನಾಲ್ಕು ಮಂದಿ ಮುಂದ ಏನಂದ ಗೊತ್ತದೇನು? 'ಸಂಗಣ್ಣ, ನಿನ್ನ ಅಳಿಯ ಈಗ ನಮ್ಮ ಆಳಪಾ' ಅಂದ."

"ಚಾಷ್ಟಿಗೆ ಅಂದಿರತಾನ ಬಿಡೋ."

"ಚಾಷ್ಟಿಗೋ ಖರೇಕೋ, ನನ್ನ ಅಳಿಯ ಮಂದಿ ಕೈಯಾಗ ದುಡಿಯೋದು ಬ್ಯಾಡ. ಸುರಪುರದಾಗ ನಮ್ಮ ಗೋಡೌನ್ ಬಾಜೂಕ ಜಾಗಾ ಖಾಲಿ ಬಿದ್ದದ. ಅಲ್ಲೇ ಶಾಲಿ ತಗೀತೀವಿ. ಸಣ್ಣ ಮಕ್ಕಳಿಂದ ಐದನೇತ್ತ ತನ. ಅಳಿಯನೇ ಚೇರಮನ್, ಅಳಿಯನೇ ಹೆಡ್ ಮಾಸ್ತರ."

"ತಮ್ಮಾ, ನನ್ನ ಮಗ ಏಳು ಮುಗಿಸಿ ಎಂಟಕ್ಕ ಹೊಂಟಾನ. ಹತ್ತನೇತ್ತ ಮುಗಿಯೋ ತನಾ ತಡಿಯೋ, ನಿನ್ನ ಕಾಲಿಗೆ ಬೀಳತೀನಿ" ಅಂದೆ.

"ನೀನೇ ಕೂಡಿಸಿದ ಸಂಬಂಧ ಅಕ್ಕಾ. ಅಳಿಯ ಉದ್ಧಾರ ಆದ್ರ ನೀನೇ ಮೊದಲ ಸಕ್ಕರಿ ಹಂಚಬೇಕು" ಅಂದ. ತವರುಮನಿ ಮಾತು. ಆರಿದ ಚಾ ಎತ್ತಿಕೊಂಡು ಒಳಗ ಹೋದೆ.

ಸರ್ ಹಂತ್ಯಾಕ ಹೋದೆ. ಅವರು ತಲಿ ತಗ್ಗಿಸಿ ಕುಂತಿದ್ರು. "ಅತ್ತೆ, ನಾನು ಬೇಡ ಅಂದೆ. ಮಾವ ಆಗಲೇ ಭೂಮಿಪೂಜೆ ಮಾಡಿಸಿಬಿಟ್ಟಿದ್ರು." ನೋಡ್ರಿ, ಮೊದಲ ಅಮ್ಮ ಅಂತಿದ್ರು, ಈಗ ಅತ್ತೆ. ಅಮ್ಮ ಅನ್ನುವಾಗ ಬೈದು ಕೇಳತಿದ್ದೆ. ಅಳಿಯನ ಮುಂದ ದನಿ ಎತ್ತರಿಸಿ ಮಾತಾಡಾಕ ಬರತದೇನು? ಸೆರಗು ಸರಿ ಮಾಡಿಕೊಂಡು, "ಚಲೋ ಆತು ಬಿಡ್ರಿ" ಅಂತ ಬಂದೆ.

ಪಾಲಕರು ನನ್ನ ಅಂಗಡಿಗೆ ಬಂದು ಮಾರಿಗೆ ಹೊಡದಂಗ ಅಂದುಹೋದ್ರು. ಸುಮಂಗಲಾ ಅಂತೂ, "ನಮ್ಮ ಮಕ್ಕಳ ನೆವ ಮಾಡಿ ಸೊಸಿಗೆ ಗಂಡ ಹುಡಕಿದಿ. ನಿಮ್ಮ ಮನಿ ಉದ್ಧಾರ ಆತು ನೋಡು" ಅಂದ್ಲು. ಮದಿವಿ ಮಾತು ಮೊದಲ ತಗದಾಕಿನೇ ಆಕಿ. ಅದನ್ನ ಹೇಳಿ ಏನ್ ಮಾಡೋದು, ಲಾಭ ಯಾರಿಗೆ ಆತು ಅಂತ ಊರು ನೋಡಾಕತ್ತದಲ್ಲ. ನಮ್ಮನಿಯವರು, "ನಿನಗ ಊರ ಉಸಾಬರಿ ಬ್ಯಾಡಂದ್ರ ಕೇಳಲಿಲ್ಲ" ಅಂದು ತಕ್ಕಡಿ ಒರಸಿಕೋತ ಕುಂತ್ರು. ಊರ ಉಸಾಬರಿ ಅಂತ. ಮಗ ಊರವರವನೇನು?

ಜೂನಿನ್ಯಾಗ ಐದನೆಯವರು ಬಂದ್ರು, ವಿಶ್ವಾರಾಧ್ಯ ಸರ್. ಮತ್ತ ಶಾಲು ಒಯ್ದೆ. ಈ ಸಲ ಬಾಷುಮಿಯಾ ಏನೂ ಅನ್ನಲಿಲ್ಲ, ಸುಮ್ಮನ ಕಟ್ಟಿ ಕೊಟ್ಟ. ತಡ ಮಾಡಲಿಲ್ಲ, ಅದೇ ವಾರ ಹೋಗಿ ಹುಡುಗನ ಸಂಗತಿ ಹೇಳಿ ಕೈ ಮುಗಿದೆ. ಆತು ನೋಡ್ತೀನಿ ಅಂದ್ರು. ಪಂಚಮಿ ಮುಗಿದ ಮ್ಯಾಲ ಅವರೇ ಕರಿ ಕಳಿಸಿದ್ರು.

"ಅಲ್ಲರೀ ಅಮ್ಮಾರ, ನಿಮ್ಮ ಹುಡುಗ ಉಗ್ಗಂಗಿಲ್ಲಲ್ಲ. ನಾನೇ ಕ್ಲಾಸಿಗೆ ಹೋಗಿ ಕೇಳೀನಿ, ಎಂಟನೇತ್ತದ ಹೊಸ ಮಾಸ್ತರೂ ಕೇಳ್ಯಾರ. ಏನು ಕೇಳಿದ್ರೂ 'ಗೊತ್ತಿಲ್ರಿ' ಅಂತಾನ. ಸ್ವಚ್ಛ ಅಂತಾನ. ಅಭ್ಯಾಸ ಮಾಡಂಗಿಲ್ಲ ಅಷ್ಟ. ನೀವು ಲಾಡ ಮಾಡಬ್ಯಾಡ್ರಿ."

ನನಗ ನಾಚಿಕ್ಯಾತು. ಮನಿಗೆ ಬಂದು ಹುಡುಗನ್ನ ಬರೋಬ್ಬರಿ ಬೈದೆ. ಪುಸ್ತಕ ಕೊಟ್ಟು, ಇದರಾಗ ಏನದ ಬರದು ತೋರಿಸು ಅಂದೆ. ಒಂದು ತಪ್ಪಿಲ್ಲದಂಗ ಬರದ. ಮತ್ತ ಶಾಲಿಯಾಗ ಏನಾಗತದೋ ನಿನಗ ಅಂದೆ. ಪುಸ್ತಕ ಮಡಚಿ ಚೀಲದಾಗ ಇಟ್ಟ. ಬರತದ, ಆದ್ರ ಶಾಲಿಯಾಗ ಯಾಕ ಬರಂಗಿಲ್ಲ, ನನಗ ತಿಳಿಯಲೇ ಇಲ್ಲ.

ದೀಪಾವಳಿಗೆ ಶಿವರಂಜನಿ, ಸರ್ ನಮ್ಮ ಮನಿಗೆ ಊಟಕ್ಕ ಬಂದ್ರು. ಅಳಿಯ ಬರತಾರಂದ್ರ ಹೋಳಿಗಿ ಮಾಡಬೇಕಲ್ಲ, ಮಾಡಿದ್ದೆ. ಸರ್ ಮೈ ತುಂಬಿಕೊಂಡಿದ್ರು. ಮಾವ ಕೊಡಿಸಿದ ಕಾರು ಬಾಗಲ ಮುಂದ ನಿಂತಿತ್ತು. ಬಸವಲಿಂಗ ನೀರಿನ ತಂಬಗಿ ತಂದಿಟ್ಟು ಗ್ವಾಡಿಗೆ ಹತ್ತಿ ನಿಂತ. ಸರ್ ಅವನ್ನ ನೋಡಿ ಖುಷಿಯಾಗಿ, "ಬಾರೋ ಇಲ್ಲಿ. ಕೃಷ್ಣಾ ನದಿಗೆ ಹೋಗಿ ಸೇರೋ ನಿಮ್ಮ ಹೊಳೆ ಯಾವುದು, ಹೇಳು ನೋಡೋಣ" ಅಂದ್ರು.

ಇದು ಶಹಾಪುರದಾಗ ಶಾಲಿ ಕಲಿಯದವರಿಗೂ ಗೊತ್ತಿರೋದು. ಯಾದಗಿರಿಗೆ ಹೋಗುವಾಗೆಲ್ಲ ಭೀಮಾ ಸೇತುವಿ ಬಂದ್ರ ಬಸ್ಸಿನ ಕಿಡಕಿಯಾಗಿಂದ ಕೈ ಮುಗಿಯೋ ಹುಡುಗ ಅವ. ಎರಡೂ ತುಟಿ ಕೂಡಿಸಿದ. ಕೂಡಿಸಿದ ತುಟಿ ಬಿಚ್ಚಲಿಲ್ಲ. ಕುತ್ತಿಗಿ ನರ ಎದ್ದು ಬಂತು. ಸರ್ ತುತ್ತು ಕೈಯಾಗ ಹಿಡದು ಕಾದ್ರು, ಮೊದಲಿನಂಗೇ ಕಾದ್ರು. ಹುಡುಗ ಉಸರು ಬಿಟ್ಟು, ತುಟಿ ಸಡಿಲ ಮಾಡಿ, "ಗೊತ್ತಿಲ್ರಿ ಸರ್" ಅಂದ. ಎಲ್ಲೂ ತಡವರಿಸಲಿಲ್ಲ.

"ಅತ್ತಿ, ಉಗ್ಗೋದು ಹೋಗೇ ಬಿಟ್ಟದಲ್ಲ" ಅಂದ್ಲು ಶಿವರಂಜನಿ. ಆಕಿಗೆ ಖರೇನೇ ಸಂತೋಷ ಆಗಿತ್ತು.

ಸರ್ ತುತ್ತು ತಾಟಿನ್ಯಾಗ ಇಟ್ಟರು. ಅವರಿಗೆ ತಿಳಿದಿತ್ತು. ನನಗೂ ಆಗಲೇ ತಿಳೀತು, ವಿಶ್ವಾರಾಧ್ಯ ಸರ್ ಮುಂದ ನಾ ನಾಚಿಕಿಪಟ್ಟು ಬಂದದ್ದು ಯಾತಕ್ಕ ಅಂತ. ನನ್ನ ಕೂಸು ಗೊತ್ತಿದ್ದದ್ದನ್ನೆಲ್ಲ ಗೊತ್ತಿಲ್ಲ ಅಂತ ಹೇಳಿ, ದಡ್ಡ ಅನಿಸಿಕೊಂಡು, ಅಷ್ಟಾದ್ರೂ ಯಾರೂ ನಗಲಿಲ್ಲಲ್ಲ ಅಂತ ದಿನಾ ಮನಿಗೆ ಬರಾಕತ್ತಿತ್ತು. ಅದಕ್ಕ ನಾನೂ ಬೈದಿದ್ದೆ.

"ನಾನು ಆಗಾಗ ಬರ್ತೀನಿ ಅತ್ತೆ, ಇವನ ಜೊತೆ ಕೂತ್ಕೋತೀನಿ" ಅಂದ್ರು ಸರ್. ಹೂಂ ಅಂದೆ. ಅಷ್ಟರಾಗ ಸಂಗಣ್ಣನ ಫೋನ್ ಬಂತು, ಶಾಲಿ ಖೋಲಿಗೆ ತಗಡಿನ ಪತ್ರಾಸ ಹಾಕೋರು ಬಂದು ನಿಂತಾರ, ಜಲ್ದಿ ಬರ್ರಿ ಅಂತ. ಅಳಿಯಗ ಬಟ್ಟಿ, ಶಿವರಂಜನಿಗೆ ಕುಬಸ ಕೊಟ್ಟು ಕಳಿಸಿದೆ.

ಕಾರು ಹ್ವಾದ ಮ್ಯಾಲ ಹುಡುಗನ್ನ ಬಾಜೂಕ ಕುಂದರಿಸಿಕೊಂಡೆ. "ಭೀಮಾ ಅಂತ ನಿನಗ ಗೊತ್ತಿತ್ತಲ್ಲೋ. ಸರ್ ಕಾಯಾಕತ್ತಿದ್ರಲ್ಲ. ಅವರ ಮುಂದರೆ ಹೇಳಬೇಕಿತ್ತಿಲ್ಲೋ ಅಪ್ಪಾ" ಅಂದೆ.

ಅವ ನನ್ನ ಮಾರಿ ನೋಡಿದ. "ಅವರೂ ಬಿ... ಬಿ... ಬಿಟ್ಟು ಹೋಗೋರೇ ಅಲ್ಲೇನವ್ವ" ಅಂದ.

ಅಷ್ಟು ಅನ್ನಾಕ ಭಾಳ ಹೊತ್ತು ತಗೊಂಡ. ನಾನು ಕಾದೆ. ಈಗ ಅವ ಉಗ್ಗೋದು ನನ್ನ ಒಬ್ಬಾಕಿ ಮುಂದ ಅಷ್ಟ.