ರಿಫಾತನ ರಕ್ತಪರೀಕ್ಷೆ

ನಾಲ್ಕನೆಯ ಬಸಿರೂ ಇಳಿದುಹೋದ ಮೇಲೆ ವಿದಾದಳಿಗೆ ಬದನೆಕಾಯಿ ಕೊರೆಯುವಷ್ಟೂ ತ್ರಾಣವಿರಲಿಲ್ಲ. ಆದರೂ ಕೊರೆಯುತ್ತಿದ್ದಳು. ಮಗ್ಗಗಳ ಊರಾದ ಮಹಲ್ಲಾದ ಆ ಮನೆಯಲ್ಲಿ ಸೊಸೆ ಒಂದು ಗಳಿಗೆ ಗೋಡೆಗೊರಗಿದರೂ ಅತ್ತೆಯ ಕಣ್ಣಿಗೆ ಬೀಳುತ್ತಿತ್ತು. ಎದುರಿಗೆ ಅತ್ತೆ ಗಲೀಲಾ ಬದನೆಗೆ ತುಂಬಲು ಅಕ್ಕಿ, ಸಬ್ಬಸಿಗೆ ಬೆರೆಸುತ್ತಿದ್ದಳು. ಪಕ್ಕದಲ್ಲಿ ಅತ್ತೆಯ ಸವತಿ ಬಹೀಗಾ. ತೀರಿಹೋದ ಮಾವನ ಇಬ್ಬರು ಹೆಂಡಿರು, ಒಂದೇ ಒಲೆ, ಎಣ್ಣೆ-ಸೀಗೆಕಾಯಿ ಸಂಬಂಧ.

"ಶುಕ್ರವಾರ ನನ್ನ ಮಗನಿಗೆ ನೋಡಿರೋ ಹುಡುಗಿ ಮನೆಗೆ ಹೋಗಿ, ಫಾತಿಹಾ ಓದಿ, ಮದುವೆ ಮಾತು ಮುಗಿಸ್ಕೊಂಡು ಬರೋದು," ಎಂದಳು ಗಲೀಲಾ. "ಮುಖ ಊದಿಸ್ಕೋಬೇಡ ಕಣೇ. ನಿನ್ನನ್ನೇನು ಹೊರಗೆ ಹಾಕ್ತಿಲ್ಲ. ನನ್ನ ಮೇಲೂ ಸವತಿ ಬಂದ್ಲು, ನಾನೇನು ಸತ್ತೋದ್ನಾ?"

"ಸಾಯ್ಲಿಲ್ಲ, ನನ್ನ ಹೊಟ್ಟೆ ಉರಿಸ್ದೆ," ಎಂದಳು ಬಹೀಗಾ.

ಬಹೀಗಾಳ ಮೊದಲ ಬಸಿರು ಹೋಗಿ ಮಲಗಿದ್ದಾಗ ಗಲೀಲಾ ಹಸಿ ಮಾಂಸ ಹಿಡಿದುಕೊಂಡೇ ಕೋಣೆಗೆ ನುಗ್ಗಿದ್ದಳಂತೆ. ಹಾಗೆ ಬಂದರೆ ಮುಂದೆ ಬಸಿರು ನಿಲ್ಲುವುದಿಲ್ಲವೆಂಬುದು ಅಲ್ಲಿಯವರ ನಂಬಿಕೆ. ಬೇಕೆಂದೇ ಬಂದಳು ಎಂದು ಇವಳು, ಮರೆತು ಬಂದೆ ಎಂದು ಅವಳು. ನಲವತ್ತು ವರ್ಷದಿಂದ ಇದೇ ಜಗಳ.

ಬಾಗಿಲ ಬಳಿ ವಿದಾದಳ ಗಂಡ ರಿಫಾತ್ ಕಿತ್ತಳೆ ಸುಲಿಯುತ್ತಿದ್ದ. ಬಾಯಲ್ಲಿ ಕಡುಬು ಇಟ್ಟುಕೊಂಡವನ ಹಾಗೆ ಮೌನ. ಪುಣ್ಯಾತ್ಮ! ಊರಿನ ಡಾಕ್ಟರು, ನಿನ್ನ ರಕ್ತವೇ ಕೂಸನ್ನು ಶತ್ರುವೆಂದು ತಿಳಿದಿರಬೇಕು ಎಂದು ವಿದಾದಳ ಹೊಟ್ಟೆಗೆ ದಿನಾ ಸೂಜಿ ಚುಚ್ಚಿಸಿದ್ದರು. ಹೊಟ್ಟೆಯೆಲ್ಲ ನೀಲಿಗಟ್ಟಿತು, ಕೂಸು ಮಾತ್ರ ನಿಲ್ಲಲಿಲ್ಲ. ಆಮೇಲೆ ಕೈರೋದ ಡಾಕ್ಟರಮ್ಮ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿದರೆ, ತೊಡಕು ಇದ್ದದ್ದು ರಿಫಾತನಲ್ಲಿ. "ಅಮ್ಮನಿಗೆ ನಾನೇ ಹೇಳ್ತೀನಿ," ಎಂದು ರೈಲಿನಲ್ಲಿ ಆಣೆ ಮಾಡಿದ್ದ. ಚಳಿಗಾಲ ಕಳೆದು ಫ್ಯಾನು ತಿರುಗುವ ಕಾಲ ಬಂತು, ಆ ಬಾಯಿ ತೆರೆಯಲಿಲ್ಲ.

ಬರಲಿ ಆ ಹುಡುಗಿ, ಅವಳದ್ದೂ ಹೋಗಲಿ, ಆಗ ಎಲ್ಲರಿಗೂ ಗೊತ್ತಾಗುತ್ತದೆ ಎಂದುಕೊಂಡಳು ವಿದಾದ್. ಮರುಗಳಿಗೆಗೆ ತನ್ನ ಮೇಲೇ ಹೇಸಿಗೆಯಾಯಿತು. ಗಂಡನ ಕಡೆ ನೋಡಿದಳು. ಅವನು ತಲೆ ಎತ್ತಲಿಲ್ಲ.

"ಅತ್ತೆ, ಆ ಹುಡುಗಿಗೂ ಹೀಗೇ ಆಗಬಹುದು. ತೊಡಕಿರೋದು ಇವರ ರಕ್ತದಲ್ಲಿ. ಮಗ್ಗದಲ್ಲಿ ಎರಡು ಎಳೆಯ ತುದಿ ಅದಲುಬದಲಾದ ಹಾಗಂತೆ. ಇವರಿಗೇನೂ ತೊಂದರೆಯಿಲ್ಲ. ಮಗುವಿಗೆ ಹಂಚುವಾಗ ಒಮ್ಮೊಮ್ಮೆ ಹೆಚ್ಚುಕಮ್ಮಿಯಾಗುತ್ತೆ."

"ಥೂ, ನಾಲಿಗೆ ಬಿದ್ದುಹೋಗಾ! ನನ್ನ ಮಗನಿಗೆ ಅದೆಲ್ಲಿಂದ ಬಂತೇ?"

"ಅಪ್ಪನಿಂದಲೋ ಅಮ್ಮನಿಂದಲೋ ಬಂದಿರಬಹುದು ಅಂದ್ರು."

ಗಲೀಲಾ ಮಗನನ್ನು ನೋಡಿದಳು. ಅವನು ಅಳುತ್ತಿದ್ದ. ಅಷ್ಟರಲ್ಲಿ ಬಹೀಗಾ ಚಾಕು ಕೆಳಗಿಟ್ಟಳು.

"ಅಕ್ಕಾ, ಇವನು ಹುಟ್ಟೋಕೆ ಮುಂಚೆ ನಿಂದು ಮೂರು ಹೋದ್ವು. ನಂದು ಒಂದೂ ಉಳೀಲಿಲ್ಲ. ನಮ್ಮಿಬ್ರಿಗೂ ಗಂಡ ಒಬ್ನೇ ಅಲ್ವಾ?"

ಗಲೀಲಾಳ ಕೈ ಅಕ್ಕಿಯಲ್ಲೇ ಉಳಿಯಿತು.

"ಅಯ್ಯೋ ದೇವರೇ," ಎಂದಳು ಕೊನೆಗೆ. "ನನ್ನ ಹೊಟ್ಟೇನೇ ಕೆಟ್ಟದ್ದು ಅಂತ ಗಂಡನ ಕಾಲು ತೊಳೆದೆನಲ್ಲೇ! ನಿನ್ನ ಮಕ್ಕಳನ್ನ ನಾನೇ ತಿಂದೆ ಅಂತ ನಂಗೇ ಅನುಮಾನ ಇತ್ತು ಕಣೇ, ಬಹೀಗಾ."

"ನಲವತ್ತು ವರ್ಷ ನಿನಗೆ ಶಾಪ ಹಾಕಿದ್ದೀನಿ," ಎಂದು ಬಹೀಗಾ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. "ಎಲ್ಲಾ ದಂಡ."

ಗಲೀಲಾ ಮಗನ ಕಡೆ ತಿರುಗಿದಳು. "ಈ ಬಹೀಗಾನ ತರೋವಾಗ ನಿಮ್ಮಪ್ಪನೂ ಹೀಗೇ ತಲೆ ತಗ್ಗಿಸ್ಕೊಂಡು ಕೂತಿದ್ದ. ಅವನಿಗಾದ್ರೂ ಗೊತ್ತಿರಲಿಲ್ಲ. ಎಲ್ಲಾ ಗೊತ್ತಿದ್ದೂ ಕೂತಿದ್ಯಲ್ಲೋ ನೀನು! ಏಳು, ಹುಡುಗಿ ಮನೆಗೆ ಹೋಗಿ ನಿಜ ಹೇಳಿ ಬಾ." ಆಮೇಲೆ ಸೊಸೆಯ ಕೈಯಿಂದ ಬದನೆಕಾಯಿ ತೆಗೆದುಕೊಂಡಳು. "ಮುಂದೆ ಹೇಗೆ? ನಿನಗೇನು ಬೇಕು, ಹೇಳು."

ಆರೋಗ್ಯವಾದ ಮಗುವೂ ನಿಲ್ಲಬಹುದು, ರಿಫಾತನೇ ಹುಟ್ಟಿಲ್ಲವೇ ಎಂದಿದ್ದರು ಡಾಕ್ಟರಮ್ಮ. ಆದರೆ ಈಗ ಅದನ್ನು ಯೋಚಿಸಲೂ ವಿದಾದಳಿಗೆ ಶಕ್ತಿಯಿರಲಿಲ್ಲ.

"ಮಲಗ್ಬೇಕು ಅತ್ತೆ."

"ಮಲಗು ಹೋಗು. ಯಾರೂ ಎಬ್ಬಿಸಲ್ಲ."

ಕೋಣೆಗೆ ಹೋಗಿ ಮಲಗಿದಳು. ಅದುವರೆಗೂ ಅವಳು ಅತ್ತದ್ದೆಲ್ಲ ಮೊದಲು ತನ್ನದೇ ತಪ್ಪೆಂದು, ಆಮೇಲೆ ಗಂಡನ ಮೌನಕ್ಕೆ. ಆ ನಾಲ್ಕು ಕೂಸುಗಳಿಗಾಗಿ ಅತ್ತದ್ದು ಅಂದೇ ಮೊದಲು.