ಸೂಗಪ್ಪನ ಸೆಟ್ಟು, ಕರೆಮ್ಮನ ರೇಡಿಯೋ

ಮಾನ್ವಿಯ ಬಟ್ಟೆ ಅಂಗಡಿ ಸೂಗಪ್ಪನಿಗೆ ನಲವತ್ತು ದಾಟಿದ ಮೇಲೆ ಕಿವಿ ಹುಟ್ಟಿತು. ಅಲ್ಲಿಯವರೆಗೆ ಅವನಿಗೆ ಹಾಡೆಂದರೆ ಹಾಡು, ಅಷ್ಟೇ. ಕಾಲುವೆಗೆ ನೀರು ಬಂದು, ಗದ್ದೆಗೆ ಭತ್ತ ಬಂದು, ಭತ್ತ ಬೆಳೆದವರು ಅಂಗಡಿಗೆ ಬಂದು, ಸಾವಿರದ ಒಂಬೈನೂರ ಎಂಬತ್ತರ ಆಚೀಚೆಗೆ ಕೈ ಸ್ವಲ್ಪ ಸಡಿಲಾಯಿತು. ಆಗ ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಟೇಪು, ರೇಡಿಯೋ ಮಾರುತ್ತಿದ್ದ ಮರಿಸ್ವಾಮಿಯ ಪರಿಚಯವಾಯಿತು. ಕೆಡುವುದಕ್ಕೆ ಅಷ್ಟು ಸಾಕಲ್ಲವೇ.

ಮರಿಸ್ವಾಮಿ ಕೆಟ್ಟವನೇನಲ್ಲ. ಆದರೆ ಅವನು ಬಾಯಿ ತೆರೆದರೆ 'ಇದಕ್ಕಿಂತ ಚಲೋದು' ಎಂಬ ಮಾತೇ ಮೊದಲು ಹೊರಡುತ್ತಿತ್ತು. ಮೊದಲು ಒಂದು ಕ್ಯಾಸೆಟ್ ಡೆಕ್ಕು ಕೊಟ್ಟ. ಅದಕ್ಕೆ ಸ್ವಂತ ಗಂಟಲಿರಲಿಲ್ಲ. ತಂತಿ ಎಳೆದು ಮನೆಯಲ್ಲಿದ್ದ ಹಳೆಯ ವಾಲ್ವ್ ರೇಡಿಯೋದ ಬೆನ್ನಿಗೆ ಸಿಕ್ಕಿಸಿದರೆ ರೇಡಿಯೋ ಹಾಡುತ್ತಿತ್ತು. ಚೆನ್ನಾಗಿಯೇ ಹಾಡುತ್ತಿತ್ತು. ಮುಂದಿನ ಸುಗ್ಗಿಗೆ ಇದಕ್ಕಿಂತ ಚಲೋದು ಅದ ಎಂದ. ಆಂಪ್ಲಿಫೈಯರ್ ಬಂತು, ಅದರ ಹಿಂದೆ ಬೀರುವಿನಂಥ ಎರಡು ಸ್ಪೀಕರ್ ಡಬ್ಬ ಬಂದವು. ದೇವರಿಗೂ ಇಲ್ಲದಷ್ಟು ದೊಡ್ಡ ಜಾಗ ಪಡಸಾಲೆಯಲ್ಲಿ ಅವಕ್ಕೆ ಸಿಕ್ಕಿತು. ರೇಡಿಯೋ ಅಡುಗೆಮನೆಯ ಗೂಡಿಗೆ ಹೋಯಿತು.

ಆ ರೇಡಿಯೋ ಸೂಗಪ್ಪನದಲ್ಲ, ಅವನ ಹೆಂಡತಿ ಕರೆಮ್ಮನದು. ದೇವದುರ್ಗದ ಕಡೆ ಕುರಿ ಕಾಯುತ್ತಿದ್ದ ಅವಳ ಅಪ್ಪ ಅಂಬಣ್ಣ, ತಾನು ಸಾಕಿದ ಟಗರುಗಳನ್ನು ಮಾರಿ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಮದುವೆಗೆ ತಂದಿದ್ದ. ಬೀಗರು ಕೇಳಿದ್ದಲ್ಲ. ಇದು ನನ್ನ ಮಗಳಿಗೆ ಎಂದು ಎಲ್ಲರೆದುರು ಹೇಳಿ ಅವಳ ಕೈಗೇ ಕೊಟ್ಟಿದ್ದ. ಮಧ್ಯಾಹ್ನ ಸೂಗಪ್ಪ ಉಂಡು ಅಂಗಡಿಗೆ ಹೋದಮೇಲೆ ಕರೆಮ್ಮ, ಪಕ್ಕದ ಮನೆಯ ಸುಗ್ರಾ ಬೇಗಂ ಇಬ್ಬರೂ ಅದರ ಮುಂದೆ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳುತ್ತಿದ್ದರು. ಯಾವ ಸ್ಟೇಷನ್ನು ಎಲ್ಲಿ ಕರಕರ ಅನ್ನುತ್ತದೆ, ಮುಳ್ಳು ಎಷ್ಟು ಸರಿಸಿದರೆ ಸುಮ್ಮನಾಗುತ್ತದೆ, ಎಲ್ಲ ಕರೆಮ್ಮನ ಬೆರಳಿಗೆ ಗೊತ್ತಿತ್ತು. ಆ ಮನೆಯಲ್ಲಿ ಅವಳು ಯಾರನ್ನೂ ಕೇಳದೆ ತಿರುಗಿಸಬಹುದಾದದ್ದು ಅದೊಂದೇ.

ಸಂಜೆಯ ಕಥೆ ಬೇರೆ. ಸೂಗಪ್ಪನ ಗೆಳೆಯರು ಬಂದು ಪಡಸಾಲೆಯಲ್ಲಿ ಕೂರುತ್ತಿದ್ದರು. ಆ ಮನೆಯ ರೀತಿಯಂತೆ ಹೆಂಗಸರು ಒಳಗೆ, ನಡುವೆ ಬಾಗಿಲಿಗೆ ಪಡದೆ. ಗಂಡಸರು ಆಂಪ್ಲಿಫೈಯರಿನ ಹಸಿರು ಕೆಂಪು ದೀಪ ಕುಣಿಯುವುದನ್ನು ನೋಡುತ್ತ ತಲೆದೂಗುವರು. ಕರೆಮ್ಮನಿಗೆ ದೀಪ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಬರುತ್ತಿತ್ತು. ಹಾಡಿನ ಅಡಿಯ ದಪ್ಪ ಸದ್ದಿಗೆ 'ಬೇಸ್' ಎಂಬ ಶಬ್ದವನ್ನು ಮರಿಸ್ವಾಮಿ ಕಲಿಸಿಕೊಟ್ಟಿದ್ದ. ಆ ಬೇಸ್ ಎದೆಗೆ ಬಂದು ಹೊಡೆಯುತ್ತದೆ ಎಂದು ಸೂಗಪ್ಪ ಹೇಳಿದರೆ ಬಂದವರೆಲ್ಲ ಎದೆ ಮುಟ್ಟಿ ನೋಡಿಕೊಂಡು ಹೌದು ಹೌದು ಅನ್ನುವರು.

ಮೊದಲ ದಿನವೇ ಅವನು ಹೆಂಡತಿಯನ್ನು ಹೇಗಿದೆ ಎಂದು ಕೇಳಿದ್ದ. ಜೋರಾಗಿದೆ ಅಂದಳು. ಮತ್ತೆ ಎಂದ. ಮತ್ತೇನೂ ಇಲ್ಲ, ಜೋರಾಗಿದೆ ಅಂದಳು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಅವನು ಗೆಳೆಯರ ಮುಂದೆಯೇ ನಕ್ಕ. ಕರೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಆದರೆ ಆ ಮಾತನ್ನು ಮರೆಯಲೂ ಇಲ್ಲ.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಆ ದಿನ ಸಂಜೆ ಹೊಸ ಕ್ಯಾಸೆಟ್ ಹಾಕಿದರೆ ಹಾಡು ಬಂತು, ಬೇಸ್ ಬರಲಿಲ್ಲ. ಸೂಗಪ್ಪ ಗುಂಡಿ ತಿರುವಿದ, ಡಬ್ಬದ ಬೆನ್ನು ತಟ್ಟಿದ, ತಂತಿ ಕಿತ್ತು ಮತ್ತೆ ಹಾಕಿದ. ಊಹುಂ. ಎದೆ ಮುಟ್ಟಿಕೊಳ್ಳಲು ಬಂದವರು ಕೈ ಕಟ್ಟಿಕೊಂಡು ಕೂತು ಬೇಗನೆ ಎದ್ದುಹೋದರು. ಕಾಲು ಮುರಿದ ಎತ್ತಿನ ಒಡೆಯನಂತೆ ಸೂಗಪ್ಪ ಸಪ್ಪಗಾದ. ಬೆಳಗಿನ ಮೊದಲ ಬಸ್ಸಿಗೆ ಆಂಪ್ಲಿಫೈಯರನ್ನು ಕೌದಿಯಲ್ಲಿ ಸುತ್ತಿಕೊಂಡು ರಾಯಚೂರಿಗೆ ಹೋದ.

ಮರಿಸ್ವಾಮಿ ಅದನ್ನು ಬಿಚ್ಚಿ ನೋಡಿ, ಇದು ದಣಿದಿದೆ, ಇದಕ್ಕಿಂತ ಚಲೋದು ಬಂದಿದೆ ಎಂದ. ಹಳೆಯದರ ಜೊತೆಗೆ ಮನೆಯಲ್ಲಿರುವ ವಾಲ್ವ್ ರೇಡಿಯೋ ಕೊಟ್ಟುಬಿಡು, ಅಂಥದಕ್ಕೆ ಹೈದರಾಬಾದಿನಲ್ಲಿ ಗಿರಾಕಿ ಇದ್ದಾರೆ, ನಾನೇ ಬಂದು ಒಯ್ಯುತ್ತೇನೆ ಎಂದ. ಸೂಗಪ್ಪ ಹೂಂ ಎಂದುಬಿಟ್ಟ. ಅಂದು ಸಂಜೆ ಹೊಸ ಆಂಪ್ಲಿಫೈಯರ್ ಹಚ್ಚಿದರೆ ಬೇಸ್ ಮತ್ತೆ ಬಂತು, ಧಮ್ ಧಮ್ ಎಂದು. ಅವನ ಕಣ್ಣಲ್ಲಿ ನೀರೇ ಬಂತು. ಒಳಗೆ ಬಂದು ಕೇಳಿದ: "ಈಗರ ಕೇಳಿಸ್ತಿಲ್ಲೋ? ಫರಕ್ ಗೊತ್ತಾತಿಲ್ಲೋ?"

ಕರೆಮ್ಮ ಅಡುಗೆಮನೆಯ ಹಿಂಗೋಡೆಗೆ ಕೈಯಿಟ್ಟುಕೊಂಡು ನಿಂತಿದ್ದಳು. ಗೋಡೆಯ ಮಾಡದಲ್ಲಿದ್ದ ಹಿತ್ತಾಳೆ ತಟ್ಟೆಗಳು ಸಣ್ಣಗೆ ನಡುಗುತ್ತಿದ್ದವು. ಆ ಗೋಡೆಯ ಆಚೆ ಅಕ್ಕಿ ಗಿರಣಿ. ವರ್ಷಗಳಿಂದ ಅದರ ಎಂಜಿನ್ನು ಹಗಲೆಲ್ಲ, ಸುಗ್ಗಿಯಲ್ಲಿ ಸಂಜೆಯ ಮೇಲೂ, ನೆಲ ನಡುಗಿಸುತ್ತಿತ್ತು. ಆ ಓಣಿಯವರಿಗೆ ಅದು ಕೇಳಿಸುವುದೇ ನಿಂತುಹೋಗಿತ್ತು. ಆ ಸೀಮೆಯಲ್ಲಿ ಅಮಾವಾಸ್ಯೆಯ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗಿರಣಿಯ ಎಂಜಿನ್ನಿಗೂ ಅದೇ ನೇಮ, ಅಂದು ಅದಕ್ಕೆ ಕಾಯಿ ಒಡೆದು ಸುಮ್ಮನೆ ಬಿಡುತ್ತಾರೆ.

"ಅದು ಗಿರಣಿ ಸಪ್ಪಳರಿ," ಅಂದಳು.

ಸೂಗಪ್ಪ ಸಿಟ್ಟಿಗೆದ್ದ. ತಾನು ಇಷ್ಟು ಹುಡುಕಿ ತಂದದ್ದನ್ನು ಗಿರಣಿಗೆ ಹೋಲಿಸುತ್ತಾಳಲ್ಲ ಎಂದು ಕೂಗಾಡಿದ. ಸಿಟ್ಟಿನ ಕೊನೆಗೆ ರೇಡಿಯೋ ಕೊಡುವ ಮಾತೂ ಹೊರಬಿತ್ತು. ಶುಕ್ರವಾರ ಮರಿಸ್ವಾಮಿ ಬರುತ್ತಾನೆ, ಒರೆಸಿ ಇಡು ಎಂದ. ಕರೆಮ್ಮ ಗೂಡಿನಲ್ಲಿದ್ದ ರೇಡಿಯೋದ ಕಡೆ ತಿರುಗಿದಳು. ಅಪ್ಪ ತೊಡೆಯ ಮೇಲೆ ಕೂರಿಸಿಕೊಂಡು ತಂದದ್ದನ್ನು, ಇಲ್ಲದ ಸದ್ದಿಗೆ ಬದಲು ಕೊಡುವುದೇ? ಅವಳು ಅಳಲಿಲ್ಲ. ಶುಕ್ರವಾರ ಬರಲಿ ಎಂದುಕೊಂಡಳು.

ಶುಕ್ರವಾರ ಸಂಜೆ ಮರಿಸ್ವಾಮಿ ಬಂದ, ಗೆಳೆಯರೂ ನೆರೆದರು. ಕರೆಮ್ಮ ಪಡದೆ ಸರಿಸಿಕೊಂಡು ಹೊರಗೆ ಬಂದಳು. ಅವಳು ಹಾಗೆ ಬಂದದ್ದೇ ಅವರಿಗೆಲ್ಲ ದಿಗಿಲು.

"ನಾವು ದಿನಾ ಒಳಗ ಕುಂತು ಕೇಳತೀವಿ," ಅಂದಳು. "ಇವತ್ತು ನೀವು ಒಳಗ ಕೂಡ್ರಿ. ಒಂದ ಹಾಡು ನಾ ಎರಡು ಸಲ ಹಚ್ಚತೀನಿ. ಯಾವುದು ಹೊಸಾದರಾಗಿಂದು, ಯಾವುದು ರೇಡಿಯೋದಾಗಿಂದು ಹೇಳ್ರಿ. ಸರಿ ಹೇಳಿದ್ರ ರೇಡಿಯೋ ಒಯ್ಯಿರಿ."

ಇದೇನು ದೊಡ್ಡದು ಎಂದು ಮರಿಸ್ವಾಮಿಯೇ ಮೊದಲು ಎದ್ದ. ಗಂಡಸರೆಲ್ಲ ಒಲೆಯ ಹೊಗೆಯಲ್ಲಿ, ಗಿರಣಿಯ ಗೋಡೆಗೆ ಬೆನ್ನು ಹಚ್ಚಿ ಒತ್ತಿಕೊಂಡು ಕೂತರು. ಕರೆಮ್ಮ ಕರೆಸಿದ್ದ ಸುಗ್ರಾ ಬೇಗಂ ಪಡದೆ ಎಳೆದಳು. ಕರೆಮ್ಮ ರೇಡಿಯೋ ತಂದಿಟ್ಟು, ಡೆಕ್ಕಿನ ತಂತಿಯನ್ನು ಹಳೆಯ ಕಾಲದಂತೆ ಅದರ ಬೆನ್ನಿಗೆ ಸಿಕ್ಕಿಸಿ, ಹಾಡು ಹಚ್ಚಿದಳು. ಮುಗಿದಮೇಲೆ ಸ್ವಲ್ಪ ತಡೆದಳು, ಬಳೆ ಸದ್ದು ಮಾಡಿದಳು, ತಂತಿ ಮಾತ್ರ ಮುಟ್ಟಲಿಲ್ಲ. ಅದೇ ಹಾಡನ್ನು ಅದೇ ರೇಡಿಯೋದಲ್ಲಿ ಇನ್ನೊಮ್ಮೆ, ಒಂದು ಕೂದಲೆಳೆ ಜೋರಾಗಿ ಹಚ್ಚಿದಳು.

ಒಳಗಿನಿಂದ ಸೂಗಪ್ಪನ ದನಿ ಗೆದ್ದವನ ದನಿಯಾಗಿತ್ತು. "ಎರಡನೇದು ಹೊಸಾದು. ಭೂಮಿಗೂ ಆಕಾಶಕ್ಕೂ ಫರಕ್ ಅದ. ಬೆನ್ನು ನಡಗಾಕತ್ತದ."

ಉಳಿದವರೂ ಅದನ್ನೇ ಅಂದರು. ಮೊದಲನೆಯದು ಡಬ್ಬದೊಳಗಿಂದ ಬಂದಂತಿತ್ತು ಎಂದು ಮರಿಸ್ವಾಮಿ ವಿವರಿಸಿದ. ಸುಗ್ರಾ ಬೇಗಂ ಸೆರಗು ಬಾಯಿಗೆ ತುರುಕಿಕೊಂಡು ಪಡದೆ ಸರಿಸಿದಳು. ಆಂಪ್ಲಿಫೈಯರಿನ ದೀಪ ಆರಿತ್ತು. ತಂತಿ ರೇಡಿಯೋದಲ್ಲಿತ್ತು. ಗೋಡೆಯ ಆಚೆ ಗಿರಣಿ ತನ್ನ ಪಾಡಿಗೆ ತಾನು ಧಮ್ ಧಮ್ ಅನ್ನುತ್ತಿತ್ತು, ಮತ್ತು ಎಷ್ಟೋ ವರ್ಷಗಳ ಮೇಲೆ ಆ ಮನೆಯಲ್ಲಿ ಎಲ್ಲರಿಗೂ ಅದು ಕೇಳಿಸಿತು.

ಇದು ಮೋಸ ಎಂದ ಮರಿಸ್ವಾಮಿ. ಮೋಸವೇ ಎಂದು ಕರೆಮ್ಮ ಒಪ್ಪಿಕೊಂಡಳು. ಆದರೆ ರೇಡಿಯೋವನ್ನು ಎತ್ತಿಕೊಂಡು ಒಳಗೆ ಹೋದಳು. ಮರಿಸ್ವಾಮಿ ಬರಿಗೈಯಲ್ಲಿ ಬಸ್ಸು ಹತ್ತಿದ.

ಸೂಗಪ್ಪ ಸೆಟ್ಟಿನ ಮೇಲೆ ಬಟ್ಟೆ ಹೊದಿಸಿದ. ಗೆಳೆಯರೂ ಬರಲಿಲ್ಲ. ಮುಂದಿನ ಅಮಾವಾಸ್ಯೆ ಬಂತು, ಗಿರಣಿ ನಿಂತಿತು. ಅಂದು ಸಂಜೆ ಅವನು ಹೊದಿಕೆ ತೆಗೆದು, ಬಾಗಿಲ ಬಳಿ ನಿಂತು, ತಗ್ಗಿದ ದನಿಯಲ್ಲಿ ಕರೆದ. ಇವತ್ತು ಗಿರಣಿ ಇಲ್ಲ, ಮೋಸವೂ ಬೇಡ, ಎರಡೂ ಹಚ್ಚುತ್ತೇನೆ, ಇದ್ದದ್ದು ಇದ್ದ ಹಾಗೆ ಹೇಳು ಎಂದ.

ಕರೆಮ್ಮ ಪಡಸಾಲೆಗೆ ಬಂದು ಡಬ್ಬಗಳ ಎದುರಿನ ಕುರ್ಚಿಯಲ್ಲಿ, ಗಂಡ ದಿನಾ ಕೂರುತ್ತಿದ್ದ ಕುರ್ಚಿಯಲ್ಲಿ, ಕೂತಳು. ಕಣ್ಣು ಮುಚ್ಚಿ ರೇಡಿಯೋ ಕೇಳಿದಳು, ಆಮೇಲೆ ಹೊಸದನ್ನು ಕೇಳಿದಳು. ಹೊಸದರಲ್ಲಿ ಹಾಡುವಾಕೆ ಸಾಲಿನ ನಡುವೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ರೇಡಿಯೋದಲ್ಲಿ ಆ ಉಸಿರು ಇರಲಿಲ್ಲ. ಅವಳಿಗೆ ಮೈ ಜುಮ್ಮೆಂದಿತು.

"ಫರಕ್ ಅದರಿ," ಅಂದಳು. "ಬೇಸಿನಾಗಲ್ಲ. ಉಸಿರಿನಾಗ ಅದ. ಹೊಸಾದ ಚಲೋ."

ಸೂಗಪ್ಪನ ಮುಖ ಅರಳಿತು. ಹಾಗಾದರೆ ರೇಡಿಯೋ ಎಂದು ಶುರು ಮಾಡಿದ.

"ರೇಡಿಯೋ ಕೊಡಾದಿಲ್ಲ. ಅದು ಚಲೋ ಅದ ಅಂತ ನಾ ಎಂದೂ ಅಂದಿಲ್ಲ, ನಂದು ಅಂದೀನಿ. ನಿಮ್ಮ ಸೆಟ್ಟು ಎಷ್ಟರ ಚಲೋ ಇರಲಿ, ಪಡದೆ ಹಿಂದ ಕುಂತಾಕಿಗಿ ಆ ಉಸಿರು ಹೆಂಗ ಕೇಳಬೇಕು?"

ಸೂಗಪ್ಪ ಕ್ಯಾಸೆಟ್ಟನ್ನು ಮೊದಲಿಗೆ ತಿರುಗಿಸತೊಡಗಿದ. ಸೆಟ್ಟಿನ ಸದ್ದು ಓಣಿಗೆ ಕೇಳಿಸಿರಬೇಕು. ಹೊರಗೆ ಕೆಮ್ಮಿದ ಸದ್ದಾಯಿತು, ಚಪ್ಪಲಿ ಬಿಟ್ಟ ಸದ್ದಾಯಿತು, ಗೆಳೆಯರು ಮತ್ತೆ ಬಂದಿದ್ದರು. ಅವನು ಹೆಂಡತಿಯ ಕಡೆ ನೋಡಿ, ಒಳಗೆ ಹೋಗು ಎಂದು ಕಣ್ಣಲ್ಲೇ ಹೇಳಿದ.

ಕರೆಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕುರ್ಚಿಯಿಂದ ಏಳಲಿಲ್ಲ.

"ಬರ್ರಿ, ಕೂಡ್ರಿ," ಅಂದಳು ಬಂದವರಿಗೆ. "ಇನ್ನೊಂದು ಸಲ ಹಚ್ಚಾಕತ್ತಾರ."