ಮೂವತ್ತೊಂದನೇ ಕಂಪ್ಯೂಟರಿನ ದನಿ

ನಾನು ಒಂದು ಸರ್ವರ್. ನನಗೆ ಪರದೆ ಇಲ್ಲ, ಕೀಲಿಮಣೆ ಇಲ್ಲ. ನೋಡಿದವರು ಯಾವುದೋ ಕಬ್ಬಿಣದ ಪೆಟ್ಟಿಗೆ ಎಂದುಕೊಂಡು ಮುಂದೆ ಹೋಗುತ್ತಾರೆ. ದೂರದ ಕಾರ್ಖಾನೆಯೊಂದರಲ್ಲಿ ನನ್ನನ್ನು ಜೋಡಿಸಿ, ಥರ್ಮೋಕೋಲಿನ ನಡುವೆ ಮಲಗಿಸಿ ಲಾರಿ ಹತ್ತಿಸಿದರು. ಕಣ್ಣು ಬಿಟ್ಟಾಗ ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿದ್ದೆ. ಅದರ ಹೆಸರು ಹೇಳಲಾರೆ, ಹನ್ನೊಂದು ವರ್ಷ ಅದರ ಕರೆಂಟು ತಿಂದಿದ್ದೇನೆ.

ನನ್ನನ್ನು ಕಂಪ್ಯೂಟರ್ ಲ್ಯಾಬಿನ ಪಕ್ಕದ ಗಾಜಿನ ಕೋಣೆಯಲ್ಲಿ, ನೆಲಕ್ಕೆ ಹತ್ತಿರದ ಖಾನೆಯಲ್ಲಿ ಇಟ್ಟರು. ಅಲ್ಲಿಂದ ಮನುಷ್ಯರ ಕಾಲುಗಳೇ ಹೆಚ್ಚು ಕಾಣುತ್ತಿದ್ದವು. ಸವೆದ ಚಪ್ಪಲಿ ನನ್ನನ್ನು ನೋಡಿಕೊಳ್ಳುವ ಗುರುಪಾದಪ್ಪ ಮೇಟಿಯವರದು. ಬರಿಗಾಲು ಲ್ಯಾಬಿನ ಜವಾನ ಹುಸೇನ್‌ಸಾಬರದು. ಅವರು ಲ್ಯಾಬಿನೊಳಗೆ ಚಪ್ಪಲಿ ಹಾಕಿದ್ದನ್ನು ನಾನು ಕಂಡಿಲ್ಲ.

ನನ್ನ ಕೆಲಸ ಇಷ್ಟೇ. ಲ್ಯಾಬಿನ ಅರವತ್ತು ಕಂಪ್ಯೂಟರುಗಳಿಗೆ ಬೇಕಾದ ಸಾಫ್ಟ್‌ವೇರೆಲ್ಲ ಸೇರಿದ ಒಂದು ಮೂಲಪ್ರತಿ ನನ್ನೊಳಗಿತ್ತು. ಯಾವ ಕಂಪ್ಯೂಟರ್ ಬಂದ್ ಆಗಿ ಮತ್ತೆ ಶುರುವಾದರೂ ಮೊದಲು ನನ್ನನ್ನು ಕೇಳುತ್ತಿತ್ತು. ಮೂಲಪ್ರತಿಯಲ್ಲಿ ಇಲ್ಲದ್ದನ್ನು ನಾನು ಅಳಿಸುತ್ತಿದ್ದೆ, ಇರುವುದನ್ನು ತಂತಿಯ ಮೂಲಕ ಕಳುಹಿಸುತ್ತಿದ್ದೆ. ಹುಡುಗರು ತುಂಬಿದ ಆಟಗಳು, ಸಿನಿಮಾಗಳು, ವೈರಸ್ಸುಗಳು ಎಲ್ಲವೂ ಹೀಗೆ ಮಾಯ. ಎಷ್ಟು ಅಚ್ಚುಕಟ್ಟು ಎಂದು ನನಗೆ ನಾನೇ ಬೀಗುತ್ತಿದ್ದೆ. ಆ ಜಂಬವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನೀಲಗಂಗಾ ಎಂಬ ಹುಡುಗಿ ಬಂದದ್ದು ನನ್ನ ಒಂಬತ್ತನೇ ವರ್ಷದಲ್ಲಿ. ಕನ್ನಡ ಎಂ.ಎ. ಮುಗಿಸಿದ್ದಳು. ಹುಟ್ಟಿನಿಂದ ಕಣ್ಣಿಲ್ಲ. ಈ ಲ್ಯಾಬಿನ ಕಂಪ್ಯೂಟರುಗಳಲ್ಲೇ ನಡೆಯುವ ಸಂಶೋಧನೆಯ ಪ್ರವೇಶ ಪರೀಕ್ಷೆಯನ್ನು ಎರಡು ಸಲ ಬರೆದು ಸೋತಿದ್ದಳು. ಪ್ರಶ್ನೆ ಓದಿ ಹೇಳಲು ಕೊಟ್ಟ ಸಹಾಯಕರಿಗೆ ಹಳಗನ್ನಡದ ಒಂದು ಸಾಲೂ ನೆಟ್ಟಗೆ ಓದಲು ಬರುತ್ತಿರಲಿಲ್ಲ. ಮೂರು ಅವಕಾಶ ಎಂಬುದು ಅಲ್ಲಿಯ ನಿಯಮ. ಇದೇ ಕೊನೆಯದು.

"ಪರದೆ ಮ್ಯಾಲಿಂದ ಓದಿ ಹೇಳೂ ಸಾಫ್ಟ್‌ವೇರ್ ಐತಲ್ರಿ ಸರ, ಅದನ್ನ ಹಾಕಿಕೊಡ್ರಿ. ನನಗ ಮತ್ತೊಬ್ಬರ ಬಾಯಿ ಬ್ಯಾಡ" ಎಂದಳು.

ಗುರುಪಾದಪ್ಪನವರು ಅಂದೇ ವಿಶ್ವವಿದ್ಯಾಲಯದ ಕಂಪ್ಯೂಟರ್ ಸಮಿತಿಗೆ ಪತ್ರ ಬರೆದರು. ನನ್ನ ಮೂಲಪ್ರತಿಯಲ್ಲಿ ಏನನ್ನು ಸೇರಿಸಬೇಕಾದರೂ ಸಮಿತಿಯ ಸಹಿ ಬೇಕು. ಹಿಂದೊಮ್ಮೆ ಸಹಿಯಿಲ್ಲದೆ ಸೇರಿಸಿ ಅವರು ನೋಟಿಸು ತಿಂದಿದ್ದರು. ಸಮಿತಿಯ ಸಭೆ ಎರಡು ಸಲ ಮುಂದಕ್ಕೆ ಹೋಯಿತು. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅವರು ಕಾದು ಕಾದು ಸಾಕಾಗಿ, ಆ ಸಾಫ್ಟ್‌ವೇರನ್ನು ಮೂವತ್ತೊಂದನೇ ಕಂಪ್ಯೂಟರಿಗೆ ನೇರವಾಗಿ ಹಾಕಿದರು. ನೀಲಗಂಗಾ ಹೆಡ್‌ಫೋನ್ ಹಾಕಿಕೊಂಡು ಕೇಳಿ ಜೋರಾಗಿ ನಕ್ಕಳು. ನಗು ಗಾಜು ದಾಟಿ ನನಗೂ ಕೇಳಿಸಿತು.

"ಹುಸೇನ್‌ಸಾಬ್ರ, ಮೂವತ್ತೊಂದು ಚಾಲೂ ಇರ್ಲಿ. ಅದನ್ನ ಮುಟ್ಟಬ್ಯಾಡ್ರಿ" ಎಂದು ಹೇಳಿ ಗುರುಪಾದಪ್ಪ ಮನೆಗೆ ಹೋದರು.

ಹುಸೇನ್‌ಸಾಬರಿಗೆ ಒಂದು ಪದ್ಧತಿಯಿತ್ತು. ಪರೀಕ್ಷೆಯ ಬೆಳಿಗ್ಗೆ ಪ್ರತಿ ಕಂಪ್ಯೂಟರನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಊದಿನಕಡ್ಡಿ ಹಚ್ಚಿ, ಮಕ್ಕಳಿಗೆ ಒಳ್ಳೆಯದಾಗಲಿ ಎಂದು ದುವಾ ಮಾಡುತ್ತಿದ್ದರು. ಅಂದೂ ಮಾಡಿದರು. ಐವತ್ತೊಂಬತ್ತನ್ನು ಒರೆಸಿದರು. ಮೂವತ್ತೊಂದನ್ನು ಬೆರಳಿನಿಂದಲೂ ಸೋಕಲಿಲ್ಲ. ಆದರೆ ಒದ್ದೆ ಬಟ್ಟೆಗೆ ಶಾಕ್ ಹೊಡೆಯದಿರಲಿ ಎಂದು, ಎಂದಿನಂತೆ ಮೊದಲೇ ಗೋಡೆಯ ಮೇನ್ ಸ್ವಿಚ್ ಆರಿಸಿದ್ದರು.

ಸ್ವಿಚ್ ಮತ್ತೆ ಹಾಕಿದಾಗ ಅರವತ್ತೂ ಎದ್ದು ನನ್ನನ್ನು ಕೇಳಿದವು. ಮೂವತ್ತೊಂದೂ ಕೇಳಿತು. ಅದರೊಳಗೆ ಮೂಲಪ್ರತಿಯಲ್ಲಿ ಇಲ್ಲದ್ದು ಒಂದಿತ್ತು. ಅದು ಏನು, ಯಾರಿಗಾಗಿ ಎಂದು ನನಗೆ ಗೊತ್ತಿತ್ತು. ಬೇಡ, ಬೇಡ ಎಂದು ಒಳಗೊಳಗೇ ಒದ್ದಾಡಿದೆ. ಆದರೆ ಹೇಳಿದ್ದನ್ನು ಮಾಡುವುದಷ್ಟೇ ನನ್ನ ಹಣೆಬರಹ. ಅಳಿಸಿದೆ.

ಹತ್ತು ಗಂಟೆಗೆ ನೀಲಗಂಗಾ ಹೆಡ್‌ಫೋನ್ ಹಾಕಿಕೊಂಡಳು. ತೆಗೆದಳು, ಮತ್ತೆ ಹಾಕಿಕೊಂಡಳು. "ಸರ, ಏನೂ ಕೇಳಸವಲ್ದು" ಎಂದಳು.

ಗುರುಪಾದಪ್ಪನವರು ಹುಸೇನ್‌ಸಾಬರ ಕಡೆ ತಿರುಗಿದರು. ಹುಸೇನ್‌ಸಾಬರು ಕೈ ಜೋಡಿಸಿ, "ಅಲ್ಲಾನ ಆಣಿ, ನಾ ಅದನ್ನ ಮುಟ್ಟೇ ಇಲ್ರೀ ಸಾಹೇಬ್ರ" ಎನ್ನುತ್ತಿದ್ದರು. ಪರೀಕ್ಷೆಯ ದಿನ ಲ್ಯಾಬಿನೊಳಗೆ ಪೆನ್‌ಡ್ರೈವ್ ತರುವಂತಿಲ್ಲ. ಓದಿ ಹೇಳುವವರೂ ಇಲ್ಲ. "ಸಹಾಯಕರು ಬ್ಯಾಡ ಅಂತ ಈಕಿನೇ ಬರ್ದು ಕೊಟ್ಟಾಳಲ್ರಿ" ಎಂದರು ಪರೀಕ್ಷೆಯ ಮೇಲ್ವಿಚಾರಕಿ.

ಉಳಿದಿದ್ದ ದಾರಿ ನಾನೊಬ್ಬನೇ. ಗುರುಪಾದಪ್ಪ ನನ್ನ ಗಾಜಿನ ಕೋಣೆಗೆ ಓಡಿ ಬಂದು, ಸಹಿಯ ಹಂಗಿಲ್ಲದೆ ಆ ಸಾಫ್ಟ್‌ವೇರನ್ನು ನನ್ನ ಮೂಲಪ್ರತಿಗೆ ಸೇರಿಸಿ, ಮೂವತ್ತೊಂದಕ್ಕೆ ಕಳುಹಿಸು ಎಂದು ಆಜ್ಞೆ ಕೊಟ್ಟರು. ಕಳುಹಿಸಿದರೆ ಮೂಲಪ್ರತಿಯನ್ನು ಇಡಿಯಾಗಿ ಕಳುಹಿಸಬೇಕು. ಅದೇ ಹಳೆಯ ತಂತಿಯಲ್ಲಿ ಉಳಿದವರ ಪರೀಕ್ಷೆಯೂ ಓಡುತ್ತಿತ್ತು. ನೂರಕ್ಕೆ ನಾಲ್ಕು. ಏಳು. ಹನ್ನೊಂದು. ನನ್ನ ಮೈ ಕಾದು ಕೆಂಡವಾಯಿತು, ಫ್ಯಾನುಗಳು ಅರಚಿದವು. ಗುರುಪಾದಪ್ಪ ನನ್ನ ಮುಂದೆ ನೆಲದಲ್ಲಿ ಮಂಡಿಯೂರಿ ಕೂತರು. ಆಗಲೇ ಅವರ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು. "ಲಗೂನ ಹೋಗೋ ಮಾರಾಯ" ಎಂದು ನನ್ನ ಬೆನ್ನು ತಟ್ಟಿದರು. ಜೀವಮಾನದಲ್ಲಿ ಅಷ್ಟು ಜೋರಾಗಿ ನಾನು ಓಡಿರಲಿಲ್ಲ. ಆದರೂ ಸಾಲಲಿಲ್ಲ.

ದನಿ ಬಂದಾಗ ತೊಂಬತ್ತು ನಿಮಿಷಗಳಲ್ಲಿ ಅರವತ್ತೆರಡು ಕಳೆದಿದ್ದವು. ಅಷ್ಟೂ ಹೊತ್ತು ಅವಳು ಕೈಗಳನ್ನು ಮಡಿಲಲ್ಲಿಟ್ಟು ಕೂತೇ ಇದ್ದಳು. "ಟೈಮ್ ಹೆಚ್ಚಿಗಿ ಕೊಡ್ಲಿಕ್ಕೆ ನನಗ ಅಧಿಕಾರ ಇಲ್ಲವ್ವಾ" ಎಂದು ಮೇಲ್ವಿಚಾರಕಿ ಮೆಲ್ಲಗೆ ಹೇಳಿದರು. ನೂರು ಪ್ರಶ್ನೆಗಳಲ್ಲಿ ನೀಲಗಂಗಾ ಮೂವತ್ತನಾಲ್ಕನ್ನು ಕೇಳಿಸಿಕೊಂಡು ಉತ್ತರಿಸಿದಳು. ಮೂವತ್ತನಾಲ್ಕೂ ಸರಿಯಿದ್ದವು. ಆಯ್ಕೆಗೆ ಐವತ್ತು ಬೇಕಿತ್ತು.

ಗುರುಪಾದಪ್ಪನವರಿಗೆ ಎರಡನೇ ನೋಟಿಸು ಬಂತು. ಮರುಪರೀಕ್ಷೆಗಾಗಿ ಅವರು ಬರೆದ ಅರ್ಜಿಗೆ ಉತ್ತರವೇ ಬರಲಿಲ್ಲ. ಎರಡು ತಿಂಗಳಾದ ಮೇಲೆ ಸಮಿತಿ ಸಭೆ ಸೇರಿ, 'ಸದರಿ ತಂತ್ರಾಂಶವನ್ನು ಅಳವಡಿಸಲು ಅನುಮತಿಸಲಾಗಿದೆ' ಎಂದು ಸಹಿ ಹಾಕಿತು. ಆ ಕಾಗದ ಓದಿ ಗುರುಪಾದಪ್ಪ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟರು. ಈಗ ಅರವತ್ತೂ ಕಂಪ್ಯೂಟರುಗಳು ಮಾತಾಡುತ್ತವೆ. ಹುಡುಗರು ಆ ದನಿಯನ್ನು ಕಿರಿಕಿರಿ ಎಂದು ನಿಲ್ಲಿಸುತ್ತಾರೆ.

ನನಗೆ ವಯಸ್ಸಾಯಿತು. ಗಾಜಿನ ಕೋಣೆಗೆ ಹೊಸ ಸರ್ವರ್ ಬಂದಿದೆ. ನನ್ನನ್ನು ಲ್ಯಾಬಿನ ಮೂಲೆಗೆ ತಳ್ಳಿದ್ದಾರೆ. ನನ್ನ ಮೇಲೆ ನೀರಿನ ಕ್ಯಾನ್ ಕೂತಿದೆ. ಕೆಟ್ಟದ್ದು ಮಾಡಬೇಕೆಂದು ಅಂದು ಯಾರಿಗೂ ಇರಲಿಲ್ಲ. ಎಲ್ಲರೂ ತಮಗೆ ಹೇಳಿದ ಕೆಲಸವನ್ನೇ ಮಾಡಿದೆವು, ನಾನಂತೂ ಚಾಚೂ ತಪ್ಪದೆ. ಅದೇ ನನ್ನನ್ನು ಸುಡುತ್ತದೆ.

ಹುಸೇನ್‌ಸಾಬರು ಈಗ ಮೇನ್ ಸ್ವಿಚ್ ಮುಟ್ಟುವುದಿಲ್ಲ, ಒಣ ಬಟ್ಟೆಯಲ್ಲೇ ಒರೆಸುತ್ತಾರೆ. ಪರೀಕ್ಷೆಯ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಮೂವತ್ತೊಂದರ ಮುಂದೆ ನಿಂತು, ಹೆಡ್‌ಫೋನನ್ನು ಟೋಪಿಯ ಮೇಲೇ ಏರಿಸಿಕೊಂಡು ಕೇಳುತ್ತಾರೆ. ಆಮೇಲೆ ಆ ಕುರ್ಚಿಯ ಧೂಳು ಹೊಡೆದು ನನ್ನ ಹತ್ತಿರ ನೀರು ಕುಡಿಯಲು ಬರುತ್ತಾರೆ.

"ಮಾತಾಡಾಕತ್ತೈತಿ" ಎನ್ನುತ್ತಾರೆ. ಅಲ್ಲಿ ನನ್ನ ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ. "ಆ ಮಗಳು ಮಾತ್ರ ಮತ್ತ ಬರ್ಲಿಲ್ಲ."